ನಾವು ಯಾವ ಬೆಲ್ಟು?

ಆದಿತ್ಯವಾರ ಎರಡನೇ ಪೂಜೆ ಮುಗಿದ ಮೇಲೆ ನಮ್ಮ ಚರ್ಚಿನ ಅಂಗಳದ ಹಲಸಿನ ಮರದ ಬುಡದಲ್ಲಿ ನಾಲ್ಕು ಮಂದಿ ಕ್ಯಾಮೆರಾ ಹಿಡಿದುಕೊಂಡು ವಾದಿಸುತ್ತಾ ನಿಂತಿದ್ದರೆ ಅದು ನಾವೇ. ಕಾಸರಗೋಡು ಕಡೆಯ ಈ ಸಣ್ಣ ಚರ್ಚಿನಲ್ಲಿ ನಮ್ಮನ್ನು ತಿಳಿಯದವರಿಲ್ಲ. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬರು ಮನೆಗಳಿಗೆ ವಯರಿಂಗ್ ಮಾಡುವವರು, ಒಬ್ಬ ಕಾಲೇಜಿಗೆ ಹೋಗುವವನು, ಇನ್ನೊಬ್ಬರು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಟೀಚರು. ನಮ್ಮ ವಾಳೆಗಳು ಬೇರೆ, ವಯಸ್ಸು ಬೇರೆ, ಹುಚ್ಚು ಮಾತ್ರ ಒಂದೇ: ಫೋಟೊ ತೆಗೆಯುವುದು. ಇದರಿಂದ ನಮಗೆ ಒಂದು ರೂಪಾಯಿಯ ಆದಾಯವೂ ಇಲ್ಲ. ಖರ್ಚಾದದ್ದರ ಲೆಕ್ಕ ಮನೆಯವರ ಬಳಿ ಇದೆ.

2022ರ ತೆನೆ ಹಬ್ಬದ ದಿನ. ಹೂವಿನ ತಟ್ಟೆ ಹಿಡಿದ ಮಕ್ಕಳ ಮೆರವಣಿಗೆಯನ್ನು ನಾವು ಓಡಾಡಿ ತೆಗೆಯುತ್ತಿದ್ದೆವು. ಸಾಲು ಮುಗಿದ ಮೇಲೆ ಮೂರನೇ ತರಗತಿಯ ಒಬ್ಬ ಬಾಲಕ ನಮ್ಮ ಬಳಿ ಬಂದು ಗಂಭೀರವಾಗಿ ಕೇಳಿದ:

"ನೀವು ಯಾವ ಬೆಲ್ಟು?"

"ಎಂತ ಬೆಲ್ಟು ಮಗಾ?"

"ಕರಾಟೆಯಲ್ಲಿ ಉಂಟಲ್ಲ? ವೈಟು, ಯೆಲ್ಲೊ, ಗ್ರೀನು... ನಾನು ಯೆಲ್ಲೊ. ಫೋಟೊ ತೆಗೆಯುವುದರಲ್ಲಿ ನೀವು ಯಾವುದು?"

ನಮಗೆ ನಗು ಬಂತು. ಆದರೂ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ. ಬ್ಯಾಂಕಿನವರು ಸ್ವಲ್ಪ ಯೋಚಿಸಿ, "ಬ್ಲ್ಯಾಕ್ ಅಂತ ಹೇಳುವುದಿಲ್ಲ, ಬ್ರೌನ್ ಅಂತ ಹೇಳಬಹುದು" ಎಂದರು. ವಯರಿಂಗಿನವರೂ ಬ್ರೌನಿಗೇ ಕೈ ಎತ್ತಿದರು. ಕಾಲೇಜಿನವನು ಎದೆ ಮುಂದೆ ಮಾಡಿ "ನಾನು ಬ್ಲ್ಯಾಕ್!" ಎಂದ. ಟೀಚರು ಮಾತ್ರ, "ನನ್ನದು ವೈಟು ಮಗಾ. ಅದನ್ನು ಕಟ್ಟಲಿಕ್ಕೂ ಸರಿಯಾಗಿ ಬರುವುದಿಲ್ಲ" ಎಂದುಬಿಟ್ಟರು. ಎಲ್ಲರೂ ನಕ್ಕೆವು. ಹೊಸ ಅಕ್ಕಿಯ ಊಟಕ್ಕೆ ಮನೆಗೆ ಹೋದೆವು. ಆ ಮಾತು ಅಲ್ಲಿಗೇ ಮರೆತುಹೋಯಿತು.

ಏಳು ತಿಂಗಳ ಬಳಿಕ, ಅದೇ ಬಾಲಕನ ವಿಷಯದಲ್ಲಿ, ಆ ದಿನ ನಾವು ಕೊಟ್ಟ ನಾಲ್ಕು ಉತ್ತರಗಳೂ ತಪ್ಪೆಂದು ನಮಗೆ ಗೊತ್ತಾಯಿತು. ನಮ್ಮಂತೆ ಹವ್ಯಾಸಕ್ಕಾಗಿ ಕ್ಯಾಮೆರಾ ಹಿಡಿದವರು ಪ್ರತಿಯೊಂದು ಚರ್ಚಿನಲ್ಲಿಯೂ ಇದ್ದಾರೆ. ಅವರಿಗೂ, ಅವರನ್ನು ನಂಬುವ ಮನೆಯವರಿಗೂ ಪ್ರಯೋಜನವಾದೀತೆಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಅಳತೆಗೋಲುಗಳು

ವಾಹನ ಓಡಿಸುವವನಿಗೆ ಲೈಸೆನ್ಸಿನ ಪರೀಕ್ಷೆ ಇದೆ. ಟೈಪಿಂಗ್ ಕಲಿತವರಿಗೆ ಲೋವರ್, ಹೈಯರ್ ಎಂಬ ಮೆಟ್ಟಿಲುಗಳಿವೆ. ಅಡುಗೆ ಮಾಡುವವರ ಫಲಿತಾಂಶ ಅದೇ ದಿನ ಊಟದ ಮೇಜಿನ ಮೇಲೆ ಬರುತ್ತದೆ. ಹವ್ಯಾಸದ ಫೋಟೊದವರಿಗೆ ಇಂಥದ್ದು ಯಾವುದೂ ಇಲ್ಲ. ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಬ್ರಿಟನ್ನಿನಲ್ಲಿ 1853ರಲ್ಲಿ ಆರಂಭವಾದ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಪದವಿಗಳನ್ನು ಕೊಡುತ್ತದೆ. 1950ರಲ್ಲಿ ಹುಟ್ಟಿದ ಫಿಯಾಪ್ ಎಂಬ ಅಂತರರಾಷ್ಟ್ರೀಯ ಒಕ್ಕೂಟವೂ ಕೊಡುತ್ತದೆ. ಆದರೆ ಚರ್ಚಿನ ಹಬ್ಬದ ಫೋಟೊ ತೆಗೆಯುವ ನಮ್ಮಂಥವರು ಅಷ್ಟು ದೂರ ಎಲ್ಲಿ ಹೋಗುತ್ತಾರೆ? ಆದ್ದರಿಂದ ನಮ್ಮ ಅಳತೆಗೋಲನ್ನು ನಾವೇ ಮಾಡಿಕೊಂಡಿದ್ದೆವು.

ಬ್ಯಾಂಕಿನವರ ಅಳತೆಗೋಲು ಬೆಲೆ. ನಿವೃತ್ತಿಯ ಹಣದಲ್ಲಿ ಅವರು ದೊಡ್ಡ ಕ್ಯಾಮೆರಾವನ್ನೂ ಎರಡು ಲೆನ್ಸುಗಳನ್ನೂ ಕೊಂಡಿದ್ದರು. ಕ್ಯಾಮೆರಾ ಅಷ್ಟು ಒಳ್ಳೆಯದಾದರೆ ಅದನ್ನು ಹಿಡಿದವನೂ ಅಷ್ಟೇ ಒಳ್ಳೆಯವನಾಗಿರಬೇಕೆಂಬ ಭಾವನೆ ಅವರಿಗೆ ತಿಳಿಯದಂತೆಯೇ ಬಂದಿತ್ತು. ಇಡ್ಲಿ ಪಾತ್ರೆ ಹೊಸತಾದ ಮಾತ್ರಕ್ಕೆ ಇಡ್ಲಿ ಮೆತ್ತಗಾಗುವುದಿಲ್ಲವೆಂದು ಅವರ ಮನೆಯವರು ಹೇಳಿದರೂ ಅವರು ಕೇಳಲಿಲ್ಲ. ಫೋಟೊ ಕೆಟ್ಟರೆ ಮಾತ್ರ ತಪ್ಪು ಲೆನ್ಸಿನದು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

ವಯರಿಂಗಿನವರ ಅಳತೆಗೋಲು ಒಂದು ಮೊಸಳೆ. ಕುಂಬಳೆ ಸಮೀಪದ ಅನಂತಪುರದ ಕೆರೆ ದೇವಸ್ಥಾನದಲ್ಲಿ ಬಬಿಯಾ ಎಂಬ ಮೊಸಳೆ ಇದ್ದದ್ದು ನಮ್ಮ ಕಡೆಯ ಎಲ್ಲ ಮತದವರಿಗೂ ಗೊತ್ತು. 2022ರ ಅಕ್ಟೋಬರಿನಲ್ಲಿ ಅದು ತೀರಿಕೊಂಡಿತು. ಅದಕ್ಕಿಂತ ಕೆಲವು ವರ್ಷ ಮೊದಲು ನಮ್ಮವರು ಅಲ್ಲಿಗೆ ಕೆಲಸಕ್ಕೆಂದು ಹೋದಾಗ ಅದು ನೀರಿನಿಂದ ಮೇಲೆ ಬಂದು ಬಂಡೆಯ ಮೇಲೆ ಮಲಗಿತ್ತು. ಬೆಳಕು ಚೆನ್ನಾಗಿತ್ತು, ಫೋಟೊವೂ ಚೆನ್ನಾಗಿ ಬಂತು. ಅಂದಿನಿಂದ ಅವರು ತಮ್ಮನ್ನು ವನ್ಯಜೀವಿ ಛಾಯಾಗ್ರಾಹಕರ ಸಾಲಿಗೆ ಸೇರಿಸಿಕೊಂಡರು. ಆಮೇಲೆ ತೆಗೆದ ಮಿಂಚುಳ್ಳಿಗಳೆಲ್ಲ ನೀಲಿ ಚುಕ್ಕೆಗಳಾಗಿಯೇ ಉಳಿದವು. "ಅಲುಗಾಡದ ಮೊಸಳೆ ನನ್ನನ್ನು ಕೆಡಿಸಿತು ಮಾರಾಯ್ರೆ" ಎಂದು ಈಗ ಅವರೇ ಹೇಳುತ್ತಾರೆ. ನಾವು ಯಾವಾಗಲೂ ನಮ್ಮ ಅತ್ಯುತ್ತಮ ಫೋಟೊ ಒಂದನ್ನು ಮುಂದಿಟ್ಟು ನಮ್ಮನ್ನು ಅಳೆಯುತ್ತೇವೆ. ಉಳಿದ ಸಾವಿರದ ಲೆಕ್ಕವನ್ನು ಬಿಟ್ಟುಬಿಡುತ್ತೇವೆ.

ಕಾಲೇಜಿನವನದು ಹೊಗಳಿಕೆಯ ಅಳತೆ. ಅವನು ಫೋನಿನಲ್ಲಿ ತೆಗೆದದ್ದು ವಾಟ್ಸ್ಆ್ಯಪಿಗೆ ಹೋದರೆ ಐದು ನಿಮಿಷದಲ್ಲಿ ಮುಂಬಯಿ, ಕುವೈತ್, ದುಬೈಗಳಿಂದ ಹೆಬ್ಬೆರಳುಗಳು ಬರುತ್ತಿದ್ದವು. ಪಾಪ, ಅವರು ಹೊಗಳಿದ್ದು ಊರನ್ನು. ಮಳೆಯಲ್ಲಿ ನೆನೆದ ಚರ್ಚಿನ ಗೋಪುರ ಹೇಗೆ ಬಂದಿದ್ದರೂ ಪರದೇಶದಲ್ಲಿದ್ದವರ ಕಣ್ಣಿಗೆ ಚೆಂದವೇ. ಅದಲ್ಲದೆ ಈಗಿನ ಫೋನು ಒಂದು ಸಲ ಒತ್ತಿದರೆ ಹಲವು ಚಿತ್ರಗಳನ್ನು ತೆಗೆದು, ಅವುಗಳನ್ನು ಕೂಡಿಸಿ, ಕತ್ತಲೆಯನ್ನು ಬೆಳಗಿಸಿ ಕೊಡುತ್ತದೆ. ಅದರಲ್ಲಿ ಫೋನಿನ ಜಾಣತನ ಎಷ್ಟು, ನಮ್ಮದು ಎಷ್ಟು? ಈ ಪ್ರಶ್ನೆ ಹೊಸತೇನೂ ಅಲ್ಲ. 1888ರಲ್ಲಿ ಕೊಡಾಕ್ ಕಂಪೆನಿ ನೂರು ಚಿತ್ರಗಳ ಸುರುಳಿ ತುಂಬಿದ ಕ್ಯಾಮೆರಾವನ್ನು ಮಾರಿದಾಗ, ಗುಂಡಿ ಒತ್ತುವುದಷ್ಟೇ ಗಿರಾಕಿಯ ಕೆಲಸ, ಉಳಿದದ್ದೆಲ್ಲ ತನ್ನದು ಎಂದೇ ಜಾಹೀರಾತು ಮಾಡಿತ್ತು. ಗುಂಡಿ ಒತ್ತಿದವರು ಅಂದಿನಿಂದಲೂ ಇಡೀ ಕೆಲಸ ತಮ್ಮದೇ ಎಂದು ತಿಳಿಯುತ್ತಾ ಬಂದಿದ್ದಾರೆ.

ಟೀಚರದ್ದು ಇದಕ್ಕೆಲ್ಲ ವಿರುದ್ಧ. ಅವರು ತಮ್ಮ ಫೋಟೊವನ್ನು ಕ್ಯಾಲೆಂಡರಿನ ಚಿತ್ರಗಳ ಪಕ್ಕದಲ್ಲಿಟ್ಟು ನೋಡುತ್ತಿದ್ದರು. ಇಡೀ ಜೀವಮಾನ ಇದನ್ನೇ ಮಾಡಿದವರೊಡನೆ ಹೋಲಿಸಿದರೆ ಯಾರಿಗಾದರೂ ಸೊನ್ನೆಯೇ ಸಿಗುವುದು. ಅಳಿಯ ಬಿಟ್ಟುಹೋದ ಹಳೆಯ ಸಣ್ಣ ಕ್ಯಾಮೆರಾ ಅವರದು. ಅದರ ಹಿಂದಿನ ಪರದೆ ಕೆಟ್ಟು ಎಷ್ಟೋ ವರ್ಷವಾಗಿತ್ತು. ಮೇಲಿನ ಚಿಕ್ಕ ಕಿಂಡಿಯಲ್ಲಿ ಕಣ್ಣಿಟ್ಟು ತೆಗೆಯಬೇಕು. ಏನು ಬಂತೆಂದು ಅಳಿಯ ಊರಿಗೆ ಬಂದು ಕಂಪ್ಯೂಟರಿಗೆ ಹಾಕಿದ ಮೇಲೆಯೇ ತಿಳಿಯಬೇಕು.

ಕೊಟ್ಟ ಮಾತು

2023ರ ಏಪ್ರಿಲ್ ಕೊನೆಯ ಆದಿತ್ಯವಾರ ನಮ್ಮ ಚರ್ಚಿನಲ್ಲಿ 17 ಮಕ್ಕಳ ಪ್ರಥಮ ಪರಮಪ್ರಸಾದ. ಪ್ರತಿವರ್ಷ ಪೇಟೆಯ ಸ್ಟುಡಿಯೊದವರು ಬರುತ್ತಿದ್ದರು. ಖರ್ಚನ್ನು ಮನೆಯವರು ಹಂಚಿಕೊಳ್ಳುತ್ತಿದ್ದರು. ಆ ವರ್ಷ ನಾವೇ ಮುಂದೆ ಹೋಗಿ, "ಫಾದರ್, ಸುಮ್ಮನೆ ಯಾಕೆ ಖರ್ಚು? ನಾವು ನಾಲ್ವರಿದ್ದೇವಲ್ಲ" ಎಂದೆವು. ನಮ್ಮ ಉದ್ದೇಶ ಒಳ್ಳೆಯದೇ. ಸೇವೆಯ ಮನಸ್ಸಿತ್ತು. ಅದರ ಜೊತೆಗೆ ಸ್ವಲ್ಪ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳಬೇಕು.

ಧರ್ಮಗುರುಗಳು ನಂಬಿದರು. ಪೂಜೆಗೆ ಮೊದಲು ಮೈಕಿನಲ್ಲಿ ಹೇಳಿಯೂಬಿಟ್ಟರು: "ದಯವಿಟ್ಟು ಯಾರೂ ಮೊಬೈಲ್ ಹಿಡಿದು ಎದ್ದು ಬರಬೇಡಿ. ನಮ್ಮವರೇ ಎಲ್ಲರ ಫೋಟೊ ತೆಗೆಯುತ್ತಾರೆ." ಫ್ಲ್ಯಾಶ್ ಬೇಡವೆಂದು ನಮಗೆ ಮೊದಲೇ ಹೇಳಿದ್ದರು. ಮನೆಯವರೆಲ್ಲರೂ ಮೊಬೈಲನ್ನು ಚೀಲದೊಳಗಿಟ್ಟರು. ಆ ಗಳಿಗೆಗೆ 17 ಮನೆಗಳ ನೆನಪು ನಮ್ಮ ಕೈಯಲ್ಲಿತ್ತು.

ಬಾಲಕನ ತಂದೆ ಕುವೈತಿನ ಒಂದು ತೈಲ ಘಟಕದಲ್ಲಿ ದುಡಿಯುವವರು. ಆ ವರ್ಷ ರಜೆ ಸಿಗಲಿಲ್ಲ. ಕೆಲಸದ ವೇಳೆ ಫೋನ್ ಒಳಗೆ ಒಯ್ಯುವ ಹಾಗಿಲ್ಲವಾದ್ದರಿಂದ ವೀಡಿಯೊ ಕರೆಯಲ್ಲಿ ನೋಡುವ ದಾರಿಯೂ ಇರಲಿಲ್ಲ. ಇದು ನಮಗೆ ಆ ದಿನ ತಿಳಿದಿರಲಿಲ್ಲ.

ವಯರಿಂಗಿನವರು ಪೀಠದ ಪಕ್ಕ ನಿಂತರು, ಬ್ಯಾಂಕಿನವರು ಮೇಲೆ ಗಾಯನ ಮಂಡಳಿಯ ಅಟ್ಟದಲ್ಲಿ, ಕಾಲೇಜಿನವನು ನಡುದಾರಿಯಲ್ಲಿ. ವೈಟ್ ಬೆಲ್ಟಿನ ಟೀಚರಿಗೆ ನಾವು ದೊಡ್ಡ ಮನಸ್ಸು ಮಾಡಿ, "ನೀವು ನಿಮ್ಮ ಬೆಂಚಿನಲ್ಲೇ ಕೂತು ಸಿಕ್ಕಿದ್ದು ತೆಗೆಯಿರಿ" ಎಂದಿದ್ದೆವು.

ಮರುದಿನ ಸಭಾಭವನದಲ್ಲಿ ಮೂವರ ಫೋಟೊಗಳನ್ನೂ ಕಂಪ್ಯೂಟರಿಗೆ ಹಾಕಿ ನೋಡಿದೆವು. ಒಟ್ಟು 1,260. ಆರಂಭದಲ್ಲಿ ಉತ್ಸಾಹವಿತ್ತು. ನೂರು ಫೋಟೊ ದಾಟುವಷ್ಟರಲ್ಲಿ ಮಾತು ನಿಂತಿತು. ಹೆಣ್ಣುಮಕ್ಕಳ ಹಾಲುಬಿಳುಪಿನ ಫ್ರಾಕುಗಳೆಲ್ಲ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಪೀಠದ ಬಳಿ ಮಂದ ಬೆಳಕು. ಕ್ಯಾಮೆರಾ ತಾನಾಗಿಯೇ ನಿಧಾನದ ವೇಗವನ್ನು ಆರಿಸಿಕೊಂಡಿತ್ತು, ಸೆಕೆಂಡಿನ 15ನೇ ಒಂದು ಭಾಗ. ಅಷ್ಟರಲ್ಲಿ ಮಕ್ಕಳು ತಲೆ ಎತ್ತಿದ್ದಾರೆ, ಕೈ ಜೋಡಿಸಿದ್ದಾರೆ. ಮುಖಗಳೆಲ್ಲ ಕಲಸಿಹೋಗಿದ್ದವು. ಹೊರಗೆ ಅಂಗಳದಲ್ಲಿ ತೆಗೆದವು ಮಾತ್ರ ಚೆನ್ನಾಗಿದ್ದವು.

ಹದಿನೇಳರಲ್ಲಿ ಹದಿನಾರು ಮಕ್ಕಳಿಗೆ ಹೇಗೋ ಒಂದೊಂದು ಕೊಡಬಹುದಾದ ಫೋಟೊ ಸಿಕ್ಕಿತು. ಬಾಲಕನದು ಸಿಗಲಿಲ್ಲ. ಅವನ ಸರದಿ ಬಂದಾಗ ವಯರಿಂಗಿನವರು ಹಿಂದಿನ ಮಗುವಿನ ಫೋಟೊ ಹೇಗೆ ಬಂತೆಂದು ಪರದೆ ನೋಡುತ್ತಿದ್ದರು. ತಲೆ ಎತ್ತಿ ಗಡಿಬಿಡಿಯಲ್ಲಿ ಒತ್ತಿದ್ದರು. ಹಿಂದಿನ ಮೇಣದಬತ್ತಿಯ ಕಂಬ ಸ್ಪಷ್ಟವಾಗಿತ್ತು, ಮುಂದಿದ್ದ ಬಾಲಕ ಬಿಳಿಯ ನೆರಳಾಗಿದ್ದ. ಅಟ್ಟದಿಂದ ಬ್ಯಾಂಕಿನವರು ತೆಗೆದದ್ದರಲ್ಲಿ ಎಣ್ಣೆ ಹಾಕಿ ಬಾಚಿದ ತಲೆಕೂದಲಷ್ಟೇ ಇತ್ತು. ಕಾಲೇಜಿನವನ ಫೋನಿಗೂ ಬಾಲಕನಿಗೂ ನಡುವೆ, ಮಕ್ಕಳನ್ನು ಸಾಲು ಮಾಡಿಸುತ್ತಿದ್ದ ಧರ್ಮೋಪದೇಶದ ಟೀಚರರ ಬೆನ್ನು.

ಮಂಗಳವಾರ ಅವನ ತಾಯಿ ಬಂದರು. "ಅಣ್ಣಾ, ಹೆಚ್ಚು ಬೇಡ. ಪರಮಪ್ರಸಾದ ಸ್ವೀಕರಿಸುವ ಒಂದು ಫೋಟೊ ಸಾಕು. ಅವನ ಅಪ್ಪ ಎರಡು ದಿನದಿಂದ ಕೇಳ್ತಾ ಇದ್ದಾರೆ."

ನಾವು ಇದ್ದದ್ದನ್ನು ತೋರಿಸಿದೆವು. ಆಕೆ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಮತ್ತೆ "ಪರವಾಗಿಲ್ಲ ಅಣ್ಣಾ, ನೀವು ಕಷ್ಟಪಟ್ಟಿದ್ದೀರಿ" ಎಂದು ಹೇಳಿ ಹೋದರು. ಬೈದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಸಿಗುವುದು ಬೇರೆ, ತೆಗೆಯುವುದು ಬೇರೆ

ಆ ವಾರವೇ ನಾವು ಪೇಟೆಯ ಸ್ಟುಡಿಯೊಗೆ ಹೋದೆವು. ಕೆಟ್ಟ ಫೋಟೊವನ್ನು ಯಾವುದಾದರೂ ಉಪಾಯದಿಂದ ಸರಿಮಾಡಲು ಸಾಧ್ಯವೇ ಎಂದು ಕೇಳುವುದು ಉದ್ದೇಶ. ನಮ್ಮಿಂದಾಗಿ ಆ ವರ್ಷದ ಕೆಲಸ ತಪ್ಪಿಹೋದ ಮನುಷ್ಯ ಅವರು. ನಲವತ್ತು ವರ್ಷದ ಅನುಭವಿ. ನಕ್ಕು ಕಳುಹಿಸಬಹುದಿತ್ತು. ಅವರು ಕುರ್ಚಿ ಎಳೆದು ಕೂರಿಸಿದರು. ಎಲ್ಲ ಫೋಟೊಗಳನ್ನೂ ನೋಡಿ, "ಅಲುಗಾಡಿದ ಮುಖವನ್ನು ಯಾವ ಕಂಪ್ಯೂಟರೂ ನಿಜವಾದ ಮುಖ ಮಾಡುವುದಿಲ್ಲ. ಮಾಡಿದರೆ ಅದು ಬೇರೆ ಮಗುವಿನ ಮುಖ ಆಗ್ತದೆ" ಎಂದರು.

ಮತ್ತೆ ವಿವರಿಸಿದರು. ಕ್ಯಾಮೆರಾಕ್ಕೆ ಫ್ರಾಕು ಬಿಳಿಯೆಂದು ಗೊತ್ತಿಲ್ಲ. ಎದುರಿಗೆ ಇರುವುದೆಲ್ಲ ಸರಾಸರಿ ಬೂದಿಯ ಬಣ್ಣವೆಂದು ತಿಳಿದು ಅದು ಬೆಳಕನ್ನು ಅಳೆಯುತ್ತದೆ. ಚೌಕಟ್ಟಿನ ತುಂಬ ಬಿಳಿಯೇ ಇದ್ದರೆ, ಬೆಳಕು ಜಾಸ್ತಿಯಾಯಿತೆಂದು ಕಡಿಮೆ ಮಾಡುತ್ತದೆ. ಆಗ ನಾವೇ ಒಂದು ಮೆಟ್ಟಿಲು ಬೆಳಕು ಹೆಚ್ಚಿಸಬೇಕು. ಬಾಗಿಲಿಗೆ ಬೆನ್ನು ಹಾಕಿ ನಿಂತವರ ಮುಖ ಕಪ್ಪಾಗುವುದೂ ಇದೇ ಕಾರಣದಿಂದ. ಅಲುಗಾಡುವ ಮಕ್ಕಳಿಗೆ ವೇಗ 125ನೇ ಒಂದು ಭಾಗಕ್ಕಿಂತ ಕಡಿಮೆಯಾಗಬಾರದು. ಅದಕ್ಕಾಗಿ ಐಎಸ್ಒ ಏರಿಸಿದರೆ ಚಿತ್ರದಲ್ಲಿ ಸ್ವಲ್ಪ ಮರಳು ಹರಡಿದ ಹಾಗೆ ಕಾಣುತ್ತದೆ. ಕಾಣಲಿ. ಮರಳನ್ನು ಕ್ಷಮಿಸಬಹುದು, ಕಲಸಿದ ಮುಖವನ್ನು ಕ್ಷಮಿಸಲಾಗದು.

"ಇದೆಲ್ಲ ನಮಗೆ ಗೊತ್ತಿತ್ತು" ಎಂದರು ಬ್ಯಾಂಕಿನವರು ಸಣ್ಣ ಧ್ವನಿಯಲ್ಲಿ. "ಪುಸ್ತಕದಲ್ಲಿ ಓದಿದ್ದೇವೆ."

"ಗೊತ್ತುಂಟು ಸರ್. ಒತ್ತುವ ಮೊದಲು ನೆನಪಾಗಲಿಲ್ಲ, ಅಷ್ಟೇ" ಎಂದು ಅವರು ಹೇಳಿದರು. "ನಿಮಗೆ ಒಳ್ಳೆ ಫೋಟೊ ಸಿಗ್ತದೆ. ಸಿಗುವುದು ಬೇರೆ, ತೆಗೆಯುವುದು ಬೇರೆ. ನಮ್ಮ ಕಾಲದಲ್ಲಿ ಒಂದು ರೋಲಿನಲ್ಲಿ 36. ತೊಳೆದ ಮೇಲೆಯೇ ನೋಡಲಿಕ್ಕೆ ಸಿಗುವುದು. ಏನು ಬರ್ತದೆ ಅಂತ ಒತ್ತುವ ಮೊದಲೇ ಗೊತ್ತಿಲ್ಲದಿದ್ದರೆ ಮದುವೆ ಮನೆಯಲ್ಲಿ ಮರ್ಯಾದೆ ಉಳಿಯುತ್ತಿರಲಿಲ್ಲ."

ನಮ್ಮ ಮಟ್ಟವನ್ನು ನಾವೇ ತಿಳಿಯುವುದು ಹೇಗೆ ಎಂದು ಕೇಳಿದೆವು. ಅವರು ಮೂರು ಪರೀಕ್ಷೆಗಳನ್ನು ಹೇಳಿಕೊಟ್ಟರು.

ಮೊದಲನೆಯದು: ಒತ್ತುವ ಮೊದಲು ಬಾಯಿಬಿಟ್ಟು ಹೇಳಬೇಕು. ಮುಖ ಸ್ಪಷ್ಟ ಬರುತ್ತದೆಯೇ ಇಲ್ಲವೇ, ಬಿಳಿ ಬಿಳಿಯಾಗಿ ಬರುತ್ತದೆಯೇ, ಹಿನ್ನೆಲೆ ಮಸುಕಾಗುತ್ತದೆಯೇ. ಆಮೇಲೆ ಪರದೆ ನೋಡಬೇಕು. ಹೇಳಿದಂತೆ ಬಂದರೆ ಒಂದು ಅಂಕ. ಫೋಟೊ ಚೆಂದ ಬಂದರೂ ಹೇಳಿದ್ದು ತಪ್ಪಿದರೆ ಅಂಕವಿಲ್ಲ.

ಎರಡನೆಯದು: ವರ್ಷಕ್ಕೊಮ್ಮೆ ಹತ್ತು ಫೋಟೊ ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಿ ಮೇಜಿನ ಮೇಲೆ ಜೋಡಿಸಬೇಕು. ಅದರಲ್ಲಿ ಅತಿ ದುರ್ಬಲವಾದದ್ದು ಯಾವುದೋ ಅದೇ ನಮ್ಮ ಮಟ್ಟ. ರಾಯಲ್ ಸೊಸೈಟಿಯ ಮೊದಲ ಪದವಿಗೂ ಹತ್ತು ಚಿತ್ರಗಳನ್ನೇ ಒಟ್ಟಿಗೆ ಕೇಳುತ್ತಾರೆಂದು ಆಮೇಲೆ ತಿಳಿದಾಗ ನಮಗೆ ಆಶ್ಚರ್ಯವಾಯಿತು. ಒಂದು ಮೊಸಳೆಯಿಂದ ಯಾರೂ ಅಲ್ಲಿ ಉತ್ತೀರ್ಣರಾಗುವುದಿಲ್ಲ.

ಮೂರನೆಯದು: ಕೆಟ್ಟ ಫೋಟೊವನ್ನು ಅಳಿಸುವ ಮೊದಲು ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಬೇಕು. "ಚೆನ್ನಾಗಿ ಬರಲಿಲ್ಲ" ಎಂಬುದು ಕಾರಣವಲ್ಲ. "ಮುಖದ ಬದಲು ಹಿಂದಿನ ಕಂಬದ ಮೇಲೆ ಫೋಕಸ್ ಇಟ್ಟೆ" ಎಂಬುದು ಕಾರಣ. ತಪ್ಪಿನ ಹೆಸರು ಹೇಳಲು ಬಂದವನು ಅದನ್ನು ದಾಟುತ್ತಾನೆ ಎಂಬುದು ಅವರ ಅನುಭವ.

ಟೀಚರ ಚೀಲದಲ್ಲಿದ್ದದ್ದು

ಮೇ ತಿಂಗಳಲ್ಲಿ ಟೀಚರ ಅಳಿಯ ಊರಿಗೆ ಬಂದು ಹಳೆಯ ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರು. ಅಷ್ಟರಲ್ಲಿ ಪರಮಪ್ರಸಾದದ ದಿನ ಕಳೆದು ಮೂರು ವಾರವಾಗಿತ್ತು. ಟೀಚರು ತಮ್ಮ ಕಾರ್ಡನ್ನು ನಮಗೆ ಕೊಟ್ಟಿರಲಿಲ್ಲ. ನಾವೂ ಕೇಳಿರಲಿಲ್ಲ. "ನಿಮ್ಮ ಅಷ್ಟು ದೊಡ್ಡ ಕ್ಯಾಮೆರಾಕ್ಕೆ ಬಾರದ್ದು ನನ್ನದರಲ್ಲಿ ಎಂತ ಇದ್ದೀತು ಅಂತ ಸುಮ್ಮನಾದೆ" ಎಂದರು.

ಅದರಲ್ಲಿ ಇದ್ದದ್ದು ಒಟ್ಟು 22 ಫೋಟೊ. ಹನ್ನೊಂದನೆಯದು ಆ ಬಾಲಕನದು. ಪರಮಪ್ರಸಾದ ಸ್ವೀಕರಿಸಿ ಬೆಂಚಿಗೆ ಮರಳಿದ್ದಾನೆ. ಮೊಣಕಾಲೂರಿ ಕೈಜೋಡಿಸಿದ್ದಾನೆ. ಕಣ್ಣು ಮುಚ್ಚಿದೆ, ಆದರೆ ಬಾಯಿ ಇನ್ನೂ ಸರಿಯಾಗಿ ಮುಚ್ಚಿಲ್ಲ. ಪಕ್ಕದಲ್ಲಿ ಅವನ ಅಜ್ಜಿ, ಮೊಮ್ಮಗನನ್ನೇ ನೋಡುತ್ತಾ. ಪೂರ್ವದ ಕಿಟಕಿಯ ಬೆಳಕು ಇಬ್ಬರ ಮುಖದ ಮೇಲೂ ಬಿದ್ದಿದೆ. ಬಿಳಿ ಅಂಗಿ ಬಿಳಿಯಾಗಿಯೇ ಇದೆ.

ಹೇಗೆ ತೆಗೆದಿರಿ ಎಂದು ಕೇಳಿದೆವು. ಟೀಚರಿಗೆ ಅದರಲ್ಲಿ ಹೇಳುವಂಥದ್ದು ಏನೂ ಕಾಣಲಿಲ್ಲ. "ನಾನು ಆ ಕಿಟಕಿಯ ಹತ್ತಿರ ಎಷ್ಟು ವರ್ಷದಿಂದ ಕೂರುವವಳು! ಎಂಟೂವರೆಗೆ ಬೆಳಕು ಮುಂದಿನ ಬೆಂಚಿಗೆ ಬರ್ತದೆ ಅಂತ ಗೊತ್ತುಂಟು. ಮಕ್ಕಳು ಹೋಗುವಾಗ ಹೆದರಿಕೊಂಡು ಹೋಗ್ತಾರೆ, ಬಂದು ಕೂತ ಮೇಲೆಯೇ ಅವರ ಮುಖ ಅವರದಾಗುವುದು. ಅಷ್ಟು ಹೊತ್ತು ಕಾದೆ. ಬಿಳಿ ಅಂಗಿ ಅಂತ ಬೆಳಕನ್ನು ಸ್ವಲ್ಪ ಏರಿಸಿದ್ದೆ."

ಅಂದರೆ ಅವರಿಗೆ ಒತ್ತುವ ಮೊದಲೇ ಗೊತ್ತಿತ್ತು. ಪರದೆ ಕೆಟ್ಟ ಕ್ಯಾಮೆರಾ ಅವರಿಗೆ ತಿಳಿಯದಂತೆಯೇ ಕಲಿಸಿತ್ತು. ನೋಡಿ ತಿದ್ದಿಕೊಳ್ಳಲು ಆಗದವರು ಮೊದಲೇ ಯೋಚಿಸಲೇಬೇಕಲ್ಲವೇ?

ಅದೇ ಸಂಜೆ ಫೋಟೊ ಕುವೈತಿಗೆ ಹೋಯಿತು. ಟೀಚರಿಗೆ ಸಂತೋಷವಾಯಿತು. ಆದರೆ ರಾತ್ರಿ ಅವರು ಫೋನು ಮಾಡಿ ಹೇಳಿದ ಮಾತು ಬೇರೆ: "ಮೂರು ವಾರ ಆ ಮನುಷ್ಯನಿಗೆ ಫೋಟೊ ಇಲ್ಲದ ಹಾಗೆ ಮಾಡಿದ್ದು ನಾನು. ನನಗೆ ಬರುವುದಿಲ್ಲ ಅಂತ ಹೇಳಿಕೊಂಡು ಇದ್ದದ್ದನ್ನು ಚೀಲದಲ್ಲಿ ಇಟ್ಟೆ." ನಾವು ಮೂವರು ನಮ್ಮನ್ನು ಮೇಲಕ್ಕೇರಿಸಿ ಕೆಡಿಸಿದೆವು. ಟೀಚರು ತಮ್ಮನ್ನು ಕೆಳಕ್ಕಿಳಿಸಿ ತಡಮಾಡಿದರು. ಎರಡಕ್ಕೂ ಬೆಲೆ ತೆತ್ತದ್ದು ಒಂದೇ ಮನೆ. ವಿನಯ ಯಾವಾಗಲೂ ನಿರಪಾಯಕಾರಿ ಎಂದು ತಿಳಿದಿದ್ದ ನಮಗೆ ಇದು ಹೊಸ ಪಾಠ.

ಇದು ನಮ್ಮ ನಾಲ್ವರ ದೌರ್ಬಲ್ಯ ಮಾತ್ರ ಅಲ್ಲವೆಂದು ಆಮೇಲೆ ಓದಿ ತಿಳಿದೆವು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನ್ನಿಂಗ್ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತರ್ಕ, ವ್ಯಾಕರಣ, ಹಾಸ್ಯಗಳಲ್ಲಿ ಪರೀಕ್ಷೆ ಮಾಡಿ, ನೀವು ಹೇಗೆ ಮಾಡಿದಿರಿ ಎಂದು ಅವರವರನ್ನೇ ಕೇಳಿದರು. ನೂರು ಜನರನ್ನು ಕೆಳಗಿನಿಂದ ಮೇಲಕ್ಕೆ ಸಾಲಾಗಿ ನಿಲ್ಲಿಸಿದರೆ, ಸರಾಸರಿಯಲ್ಲಿ 12ನೇ ಜಾಗದಲ್ಲಿ ನಿಲ್ಲಬೇಕಾದವರು ತಾವು 62ನೇ ಜಾಗದಲ್ಲಿದ್ದೇವೆ ಎಂದುಕೊಂಡಿದ್ದರು. ಅತ್ಯಂತ ಚೆನ್ನಾಗಿ ಮಾಡಿದವರು ಇತರರ ಜೊತೆ ಹೋಲಿಸಿಕೊಳ್ಳುವಾಗ ತಮ್ಮ ಜಾಗವನ್ನು ಸ್ವಲ್ಪ ಕೆಳಗೆ ಹೇಳಿದ್ದರು. ಈ ಅಂತರದಲ್ಲಿ ಒಂದು ಪಾಲು ಲೆಕ್ಕದ ರೀತಿಯಿಂದಲೇ ಬರುವುದೆಂದು ಬೇರೆ ಸಂಶೋಧಕರು ಮುಂದೆ ವಾದಿಸಿದ್ದಾರೆ. ಆದರೆ ಅದೇ ಅಧ್ಯಯನದ ಇನ್ನೊಂದು ಮಾತು ನಮಗೆ ಧೈರ್ಯ ಕೊಟ್ಟಿತು. ವಿಷಯವನ್ನು ಸ್ವಲ್ಪ ಕಲಿಸಿಕೊಟ್ಟ ಮೇಲೆ, ತಾವು ಎಲ್ಲಿ ತಪ್ಪಿದ್ದೇವೆಂದು ಹಿಂದೆ ಬಿದ್ದವರೂ ಕಂಡುಕೊಂಡಿದ್ದರು. ಕೆಟ್ಟದ್ದನ್ನು ಗುರುತಿಸುವ ಕಣ್ಣು ಬೇಕಾದರೆ ಒಳ್ಳೆಯದನ್ನು ಮಾಡುವ ವಿದ್ಯೆಯೇ ಬೇಕು. ಎರಡೂ ಒಟ್ಟಿಗೇ ಬೆಳೆಯುತ್ತವೆ.

ಮಳೆಗಾಲ ಪೂರ್ತಿ ನಾವು ಸ್ಟುಡಿಯೊದವರ ಮೊದಲ ಪರೀಕ್ಷೆಯನ್ನು ಮಾಡಿದೆವು. ಚರ್ಚಿನ ಒಳಗೆ, ಪೂಜೆ ಇಲ್ಲದ ಹೊತ್ತಿನಲ್ಲಿ, ಒಬ್ಬೊಬ್ಬರಿಗೆ 20 ಫೋಟೊ. ಬ್ಯಾಂಕಿನವರಿಗೆ 9 ಅಂಕ, ವಯರಿಂಗಿನವರಿಗೆ 8. ಬ್ಲ್ಯಾಕ್ ಬೆಲ್ಟಿನವನಿಗೆ 6 ಸಿಕ್ಕಿತು, ಯಾಕೆಂದರೆ ಅವನು "ಕತ್ತಲೆ ಬರ್ತದೆ" ಎಂದಾಗಲೆಲ್ಲ ಫೋನು ಬೆಳಗಿಸಿ ಕೊಡುತ್ತಿತ್ತು. ಟೀಚರಿಗೆ 16. ಅಂಗಳದಲ್ಲಿ ಪರೀಕ್ಷೆ ಮಾಡಿದಾಗ ಬ್ಯಾಂಕಿನವರೇ ಮೊದಲಿಗರಾದರು. ಓಡಾಡುವ ಮಕ್ಕಳನ್ನು ತೆಗೆಯುವುದರಲ್ಲಿ ಕಾಲೇಜಿನವನನ್ನು ಮೀರಿಸುವವರಿಲ್ಲ. ಅಲ್ಲಿ ಟೀಚರಿಗೆ ಸಿಕ್ಕಿದ್ದು 5. ಒಬ್ಬ ಮನುಷ್ಯನಿಗೆ ಒಂದೇ ಬೆಲ್ಟು ಎಂಬುದೇ ಸುಳ್ಳೆಂದು ಹೀಗೆ ಗೊತ್ತಾಯಿತು.

ಈಗ ನಾವು ಹೇಳುವ ಉತ್ತರ

2024ರಲ್ಲಿ ಧರ್ಮಗುರುಗಳು ನಮ್ಮನ್ನು ಕರೆದು, "ಈ ವರ್ಷ ಹೇಗೆ?" ಎಂದು ಕೇಳಿದರು. ಕೇಳಿದ್ದೇ ದೊಡ್ಡ ಮನಸ್ಸು. ನಾವು ಮೊದಲೇ ಕೂತು ಮಾತಾಡಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆವು. "ಮೆರವಣಿಗೆ, ಅಂಗಳದಲ್ಲಿ ಕುಟುಂಬದ ಫೋಟೊ, ಕಿಟಕಿಯ ಬದಿಯ ಬೆಂಚುಗಳು: ಇಷ್ಟು ನಾವು ಖಂಡಿತ ಮಾಡುತ್ತೇವೆ ಫಾದರ್. ಪೀಠದ ಬಳಿಯದ್ದು ಇನ್ನೂ ನಮಗೆ ಧೈರ್ಯ ಸಾಲದು. ಅದಕ್ಕೆ ಸ್ಟುಡಿಯೊದವರನ್ನೇ ಕರೆಯೋಣ. ನಮ್ಮಲ್ಲಿ ಒಬ್ಬರು ಅವರ ಹಿಂದೆ ನಿಂತು ಕಲಿಯುತ್ತಾರೆ." ಧರ್ಮಗುರುಗಳು ಹಾಳೆಯನ್ನು ಎರಡು ಸಲ ಓದಿ, "ಇದು ಸರಿ" ಎಂದರು.

ಹಾಗೆಯೇ ನಡೆಯಿತು. ಮರುವರ್ಷ ಸ್ಟುಡಿಯೊದವರೇ ಟೀಚರನ್ನು ಪೀಠದ ಪಕ್ಕ ನಿಲ್ಲಿಸಿ, ತಾವು ಒಂದು ಹೆಜ್ಜೆ ಹಿಂದೆ ನಿಂತರು. ಟೀಚರ ಬಳಿ ಈಗ ಬ್ಯಾಂಕಿನವರು ಕೊಟ್ಟ ಲೆನ್ಸೂ ಕ್ಯಾಮೆರಾವೂ ಇವೆ. ಪರದೆ ಸರಿಯಾಗಿದೆ. ಆದರೂ ಅವರು ಅದನ್ನು ಮಡಚಿಯೇ ಇಟ್ಟುಕೊಳ್ಳುತ್ತಾರೆ.

ಬಾಲಕನ ತಂದೆ 2023ರ ಕ್ರಿಸ್ಮಸ್‌ಗೆ ಊರಿಗೆ ಬಂದಿದ್ದರು. ನಾವು ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು. ಅಜ್ಜಿಯೂ ಮೊಮ್ಮಗನೂ ಇರುವ ಆ ಫೋಟೊವನ್ನು ಕುವೈತಿನ ಕೋಣೆಯಲ್ಲಿ ಮಂಚದ ಪಕ್ಕ ಅಂಟಿಸಿದ್ದೇನೆ ಎಂದರು. ಪೀಠದ ಮುಂದಿನ ಆ ಒಂದು ಗಳಿಗೆಯ ಫೋಟೊ ಮಾತ್ರ ಅವರಿಗೆ ಇಲ್ಲ, ಮುಂದೆಯೂ ಇರುವುದಿಲ್ಲ. ಅದನ್ನು ನಾವು ಮರೆಯಬಾರದೆಂದು ಮೇಣದಬತ್ತಿಯ ಕಂಬ ಸ್ಪಷ್ಟವಾಗಿ ಬಂದ ಚಿತ್ರವನ್ನು ಅಳಿಸದೆ ಇಟ್ಟುಕೊಂಡಿದ್ದೇವೆ. ನಮ್ಮ ಹತ್ತು ಫೋಟೊಗಳ ಸಾಲಿನಲ್ಲಿ ಪ್ರತಿವರ್ಷ ಅದು ಹನ್ನೊಂದನೆಯದಾಗಿ ಮೇಜಿನ ಮೇಲೆ ಬರುತ್ತದೆ.

ನಾವು ನಮಗಾಗಿಯೇ ಫೋಟೊ ತೆಗೆಯುವಾಗ ನಮ್ಮ ಮಟ್ಟ ಎಷ್ಟೆಂಬುದು ದೊಡ್ಡ ವಿಷಯವೇ ಅಲ್ಲ. ಬೇಕಲ ಕೋಟೆಯ ಸೂರ್ಯಾಸ್ತ ಕೆಟ್ಟರೆ ನಾಳೆಯೂ ಸೂರ್ಯ ಮುಳುಗುತ್ತಾನೆ. ಇನ್ನೊಬ್ಬರಿಗೆ ಮಾತು ಕೊಡುವಾಗ ಅದು ದೊಡ್ಡದಾಗುತ್ತದೆ. ಹಾಡುವವರಿಗೂ, ಅಡುಗೆಯ ಹೊಣೆ ಹೊತ್ತವರಿಗೂ, ಲೆಕ್ಕ ಬರೆಯುವವರಿಗೂ ಇದು ಸಲ್ಲುತ್ತದೆಂದು ನಮಗೆ ಅನಿಸುತ್ತದೆ. ಇಷ್ಟು ನನ್ನಿಂದ ಆಗುತ್ತದೆ, ಇಷ್ಟು ಆಗುವುದಿಲ್ಲ ಎಂದು ಮೊದಲೇ ಹೇಳುವುದೂ ಸೇವೆಯ ಒಂದು ಭಾಗ.

ಕಳೆದ ತೆನೆ ಹಬ್ಬದ ದಿನ ಅದೇ ಬಾಲಕ ಹಲಸಿನ ಮರದಡಿಗೆ ಬಂದ. ಈಗ ಎತ್ತರ ಬೆಳೆದಿದ್ದಾನೆ, ಬ್ರೌನ್ ಬೆಲ್ಟು ಸಿಕ್ಕಿದೆಯಂತೆ. ನಗುತ್ತಾ ಹಳೆಯ ಪ್ರಶ್ನೆಯನ್ನೇ ಕೇಳಿದ: "ಈಗ ನೀವು ಯಾವ ಬೆಲ್ಟು?"

ನಾವು ಮೂವರೂ ಟೀಚರ ಮುಖ ನೋಡಿದೆವು.

"ಯಾವ ಫೋಟೊಗೆ ಅಂತ ಮೊದಲು ಹೇಳು ಮಗಾ" ಎಂದರು ಟೀಚರು.